ಮಾತು ಹುಟ್ಟಿಸಿದ ಬಾಯಿ

ನಮ್ಮ ಮನೆಯಲ್ಲಿ ಮೊದಲು ಒಡೆದದ್ದು ಮಜ್ಜಿಗೆ ಕಡೆಯುವ ಗಡಿಗೆ, ಆಮೇಲೆ ಅವ್ವನ ಬಲಗೈ. ಎರಡೂ ಒಂದೇ ಬೆಳಗಿನಲ್ಲಿ ಆದವು, ಎರಡನ್ನೂ ನಾನು ಕಣ್ಣಾರೆ ಕಂಡೆ. ಸೊರಟೂರಿನವರಿಗೆ ಈಗ ಅದು ಮರೆತುಹೋದ ಸಂಗತಿ. ನಾನು ಊರಿಗೆ ಹೋದರೆ, ಅಂದು ನಮ್ಮ ಹೊಸ್ತಿಲು ತುಳಿದು ಒಳಗೆ ನುಗ್ಗಿದವರ ಮಕ್ಕಳೇ ‘ಬರ್ರಿ ಅಕ್ಕಾರ, ಕುಂಡ್ರಿ, ಚಾ ಕುಡೀರಿ’ ಅನ್ನುತ್ತಾರೆ. ಕೂಡುತ್ತೇನೆ, ಚಹಾನೂ ಕುಡಿಯುತ್ತೇನೆ. ಮರೆಯುವುದು ಮಾತ್ರ ನನ್ನಿಂದ ಆಗಿಲ್ಲ, ಆಗಲಿ ಎಂಬ ಆಸೆಯೂ ಇಲ್ಲ. ಬೆಟಗೇರಿಯ ಈ ಮನೆಯಲ್ಲಿ ಮೊಮ್ಮಕ್ಕಳು ಅಂಗಡಿಯಿಂದ ಮಜ್ಜಿಗೆ ಪ್ಯಾಕೆಟ್ ತಂದು, ಹಲ್ಲಿನಿಂದ ಮೂಲೆ ಹರಿದು ಕುಡಿಯುವಾಗ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಬೈದುಬಿಡುತ್ತೇನೆ. ಅಜ್ಜಿಗೆ ಇದೊಂದು ಚಟ ಅಂದುಕೊಂಡು ಅವರು ನಕ್ಕು ಆಚೆ ಹೋಗುತ್ತಾರೆ.

ನಮ್ಮ ಕಡೆ ಹಾಲು ಮಾರಬಹುದು, ಬೆಣ್ಣೆ ಮಾರಬಹುದು, ತುಪ್ಪ ಮಾರಬಹುದು. ಮಜ್ಜಿಗೆ ಮಾರುವಂತಿರಲಿಲ್ಲ. ಎಮ್ಮೆ ಕಟ್ಟಿದ ಮನೆಯವರು ಎಮ್ಮೆ ಇಲ್ಲದ ಮನೆಯವರಿಗೆ ಪುಕ್ಕಟೆ ಮಜ್ಜಿಗೆ ಹಾಕಬೇಕು, ಅದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ನೇಮ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಪಡಸಾಲೆಯ ಕಂಬಕ್ಕೆ ಬೀಳುವ ಹೊತ್ತಿಗೆ ಅವ್ವ ಅದೇ ಕಂಬಕ್ಕೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯಲು ಕೂಡುತ್ತಿದ್ದಳು. ಓಣಿಯ ಹೆಂಗಸರು ತಂಬಿಗೆ, ಚರಿಗೆ ಹಿಡಿದು ಬರುವರು. ಅವ್ವ ಬೆಣ್ಣೆ ತೆಗೆದು, ಒಬ್ಬೊಬ್ಬರಿಗೆ ಹಾಕುತ್ತ, ಒಬ್ಬೊಬ್ಬರಿಗೆ ಒಂದೊಂದು ಮಾತನ್ನೂ ಹಾಕುತ್ತಿದ್ದಳು. ‘ನಿನ್ನ ಸೊಸಿಗೆ ಹೊಟ್ಟಿತುಂಬ ಹಾಕ್ತಿಯೋ ಇಲ್ಲೋ, ಬಡಕಲಾಗ್ಯಾಳ.’ ‘ನಿನ್ನ ಗಂಡ ನಿನ್ನಿ ಎಲ್ಲಿ ಬಿದ್ದಿದ್ದ, ನಂಗೆಲ್ಲಾ ಗೊತ್ತೈತಿ.’ ಅವಳ ನಾಲಿಗೆ ಖಾರ. ಆದರೆ ಬೆನ್ನ ಹಿಂದೆ ಒಂದು ಮಾತು ಆಡಿದವಳಲ್ಲ, ಹೇಳುವುದನ್ನು ಮುಖದ ಮೇಲೆ ಹೇಳಿ ಮುಗಿಸುವಳು. ನಮ್ಮ ಊಟವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ, ಕೊನೆಗೆ ನುಚ್ಚು ಮಜ್ಜಿಗೆ. ಮಜ್ಜಿಗೆಯಿಲ್ಲದೆ ಕೈ ತೊಳೆದರೆ ಊಟ ಮಾಡಿದ ಲೆಕ್ಕವೇ ಅಲ್ಲ.

ಅಪ್ಪನ ತಮ್ಮ ಫಕೀರಪ್ಪ ಕಾಕಾ ನಮ್ಮ ಜೊತೆಗೇ ಇದ್ದ. ಇನ್ನೂ ಮದುವೆಯಾಗಿರಲಿಲ್ಲ. ಅಪ್ಪ ಹೊಲದಿಂದ ಬಂದು, ಉಂಡು, ಮಲಗುವ ತನಕ ತುಟಿ ಬಿಚ್ಚದ ಮನುಷ್ಯ. ಕಾಕಾ ಬಾಯಿ ತೆರೆದರೆ ಮನೆ ತುಂಬ ನಗು. ಚಳಿಗಾಲದಲ್ಲಿ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂಡಿಸಿಕೊಂಡು ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಕ್ಕಿ ತೋರಿಸಲು ಒಯ್ಯುತ್ತಿದ್ದ. ‘ಎಲ್ಲಿಂದರ ಬಂದಾವ ನೋಡಲೇ ತಂಗಿ, ಪಾಸ್ಪೋರ್ಟ್ ಇಲ್ಲಾ ಏನಿಲ್ಲಾ’ ಅನ್ನುವನು. ಅಪ್ಪನಿಗಿಂತ ಅವನೇ ನನಗೆ ಹೆಚ್ಚಿನವನಾಗಿದ್ದ. ನನ್ನ ಅಣ್ಣ ಮಲ್ಲಪ್ಪನಿಗೂ ಅಷ್ಟೆ. ಕುಸ್ತಿಯ ಪಟ್ಟುಗಳನ್ನು ಅವನಿಗೆ ಕಲಿಸಿದವನು ಕಾಕಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ಬಗ್ಗೆ ಒಳ್ಳೆಯ ಮಾತು ಬರೆಯಲು ನನ್ನ ಕೈ ಏಳಲಿಕ್ಕಿಲ್ಲ.

ಲಕ್ಷ್ಮೇಶ್ವರದ ಕಡೆಯಿಂದ ಅವನಿಗೊಂದು ಹೆಣ್ಣಿನ ಮಾತು ಬಂತು. ಹಿರಿಯರು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದಾಗ ಹುಡುಗಿಯ ತಾಯಿ ಎದ್ದು ಅಡುಗೆಮನೆಗೆ ಬಂದು ಅವ್ವನ ಪಕ್ಕದಲ್ಲಿ ಕುಳಿತಳು.

‘ತಂಗೀ, ನೀನೂ ಹೆಣ್ಣ ಹಡದಾಕಿ ಅದಿ. ಹುಡುಗ ಹೆಂಗದಾನ, ಖರೆ ಹೇಳವಾ.’

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

‘ಮನಸ್ಸು ಛಲೋ ಐತ್ರಿ. ದುಡಿಯೂದಕ್ಕೂ ಹಿಂದ ಸರಿಯಂಗಿಲ್ಲ. ಆದ್ರ ಇಸ್ಪೀಟ್ ಎಲಿ ಕೈಗೆ ಬಂತಂದ್ರ ಮನಿ ನೆನಪ ಇರಂಗಿಲ್ಲ ಅವಂಗ. ಮದುವಿ ಆದ ಮ್ಯಾಲ ಬಿಡ್ತಾನ ಅಂತ ನಾ ಹೆಂಗ ಹೇಳ್ಲಿ?’

ಲಕ್ಷ್ಮೇಶ್ವರದವರು ಮತ್ತೆ ಬರಲಿಲ್ಲ. ಅವ್ವ ಏನು ಹೇಳಿದಳೆಂದು ಕಾಕಾನಿಗೆ ಗೊತ್ತಾಯಿತು. ಅವಳೇ ಹೇಳಿದಳು, ರಾತ್ರಿ ಊಟಕ್ಕೆ ಬಡಿಸುತ್ತ, ಮುಖದ ಮೇಲೆ. ಕಾಕಾ ತುತ್ತು ನುಂಗಿ ನಕ್ಕ. ಅತ್ತಿಗೆಯನ್ನು ಅವನು ವೈನಿ ಎಂದು ಕರೆಯುತ್ತಿದ್ದ.

‘ವೈನಿ, ನಿಮ್ಮ ಬಾಯಿಗೆ ಒಂದ ಚಿಲಕಾ ಹಾಕಸಬೇಕ ನೋಡ್ರಿ.’

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ವಿಷಯ ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು.

ಆ ಬೇಸಿಗೆಯಲ್ಲಿ ಎದುರು ಮನೆಯ ಗಂಗವ್ವನ ಮೊಮ್ಮಗ ತೀರಿಕೊಂಡ. ಆಗಷ್ಟೇ ನಡೆಯಲು ಕಲಿತ ಕೂಸು, ನಮ್ಮ ಪಡಸಾಲೆಯಲ್ಲೇ ಹೆಜ್ಜೆ ಹಾಕಿದ್ದು. ವಾಂತಿ, ಭೇದಿ ಹತ್ತಿ, ಗದಗಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ದಾರಿಯಲ್ಲೇ ಜೀವ ಹೋಯಿತು. ಅವ್ವ ಗಂಗವ್ವನನ್ನು ತಬ್ಬಿಕೊಂಡು ಅತ್ತಳು. ಮರುದಿನ ಗಂಗವ್ವನ ಮನೆಯ ತಂಬಿಗೆ ಬರಲಿಲ್ಲ. ಸೂತಕದ ಮನೆ, ಅದು ಸರಿಯೇ. ಆದರೆ ಅದರ ಮರುದಿನ ಅವರ ಪಕ್ಕದವರೂ ಬರಲಿಲ್ಲ. ನಂತರ ಓಣಿಯ ಆಚೆಯವರೂ. ಅವ್ವ ಕಡೆದು, ಬೆಣ್ಣೆ ತೆಗೆದು, ಗಡಿಗೆಯನ್ನು ಮುಂದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂಡುವಳು. ಬಿಸಿಲು ಕಂಬ ಬಿಟ್ಟು ಗೋಡೆಗೆ ಹೋದರೂ ಯಾರ ಸುಳಿವೂ ಇಲ್ಲ. ಕೊನೆಗೆ ಅಷ್ಟೂ ಮಜ್ಜಿಗೆಯನ್ನು ದನದ ಬಾನಿಗೆ ಸುರಿಯುವಳು. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ನಡೆಯುತ್ತಿದ್ದರು. ಯಾಕವಾ ಅಂದರೆ ‘ಏನಿಲ್ಲ ಬಿಡಬೇ’ ಅಷ್ಟೆ.

ಕಾರಣ ಮನೆಗೆ ತಂದವಳು ನಾನು. ಶಾಲೆಯಲ್ಲಿ ಪಕ್ಕದಲ್ಲಿ ಕೂಡುವ ಹುಡುಗಿ ತನ್ನ ಬುತ್ತಿಯನ್ನು ಲಂಗದೊಳಗೆ ಮುಚ್ಚಿಕೊಂಡು ಹೇಳಿದಳು.

‘ನಮ್ಮವ್ವ ನಿನ್ನ ಕೂಡ ಉಣಬ್ಯಾಡ ಅಂದಾಳ. ನಿಮ್ಮವ್ವ ಮಜ್ಜಿಗ್ಯಾಗ ಮದ್ದ ಹಾಕ್ತಾಳಂತ. ಗಂಗವ್ವಾಯಿ ಕೂಸಿಗೂ ಆಕೀನ ಹಾಕ್ಯಾಳಂತ.’

ನಾನು ಬರೆಯುವ ಪಾಟಿಯಿಂದ ಅವಳ ತಲೆಗೆ ಹೊಡೆದೆ. ಪಾಟಿ ಒಡೆದು ಅವಳ ಹಣೆಯಿಂದ ರಕ್ತ ಇಳಿಯಿತು. ಮಾಸ್ತರು ನನ್ನ ಅಂಗೈ ಬಾಯುವ ಹಾಗೆ ಬಾರಿಸಿದರು. ಬಾತ ಕೈ ತೋರಿಸುತ್ತ ಮನೆಗೆ ಬಂದು ಎಲ್ಲವನ್ನೂ ಒದರಿದೆ. ಮದ್ದು ಎಂದರೆ ಔಷಧವಲ್ಲ. ಊಟದಲ್ಲಿ ಗುಟ್ಟಾಗಿ ಏನನ್ನೋ ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು, ತಿಂದವರನ್ನು ನಿಧಾನವಾಗಿ ತಿನ್ನುತ್ತದೆ ಎಂದು ನಮ್ಮ ಜನ ನಂಬುತ್ತಾರೆ. ಅದನ್ನು ಕಾರಿಸಿ ತೆಗೆಯುವವರೂ ಊರೂರಲ್ಲಿ ಇದ್ದಾರೆ. ಒಬ್ಬ ಹೆಂಗಸಿನ ಮೇಲೆ ಈ ಮಾತು ಬಿತ್ತೆಂದರೆ ಅವಳ ಕೈಯ ನೀರು ಕೂಡ ಯಾರೂ ಮುಟ್ಟುವುದಿಲ್ಲ. ಅವ್ವ ನನ್ನ ಅಂಗೈಗೆ ಬೆಣ್ಣೆ ಹಚ್ಚುತ್ತಿದ್ದವಳು ಹಾಗೇ ನಿಂತಳು. ಆಮೇಲೆ ಮತ್ತೆ ಹಚ್ಚಿದಳು.

‘ಯಾರಂದ್ರು?’ ಅಂದಳು. ಅಷ್ಟೇ.

ಅಪ್ಪ ಮಾರನೆಯ ದಿನ ಮನೆಮನೆಗೆ ಹೋದ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಬ್ಬರು ಇನ್ನೊಬ್ಬರ ಹೆಸರು ಹೇಳಿದರು, ಅವರು ಮತ್ತೊಬ್ಬರದು, ಮತ್ತೊಬ್ಬರು ‘ಊರೆಲ್ಲಾ ಅನ್ನಾಕತ್ತೈತಪಾ’ ಅಂದರು. ಊರೆಲ್ಲಾ ಎಂದರೆ ಯಾರ ಕೊರಳು ಹಿಡಿಯುವುದು? ಅಪ್ಪ ಬಂದು ಪಡಸಾಲೆಯಲ್ಲಿ ರುಮಾಲು ಬಿಚ್ಚಿ ಕುಳಿತ. ಕಾಕಾ ಅವನಿಗೆ ನೀರು ತಂದುಕೊಟ್ಟು ‘ಮಂದಿ ಬಾಯಿ ಹಿಂಗ ಅಣ್ಣಾ, ನಾಕ ದಿನ ತಡಿ, ಮರೀತಾರ’ ಅಂದ. ಮರೆಯಲಿಲ್ಲ. ಒಂದು ನಸುಕಿನಲ್ಲಿ ನಮ್ಮ ಬಣವೆಗೆ ಬೆಂಕಿ ಬಿತ್ತು. ವರ್ಷದ ಮೇವು, ನಾವು ಕೊಡ ಹಿಡಿದು ಓಡುವಷ್ಟರಲ್ಲಿ ಬೂದಿಯಾಯಿತು. ಊರಿನವರು ಮಾಳಿಗೆಯ ಮೇಲೆ ನಿಂತು ನೋಡಿದರೇ ಹೊರತು ಒಂದು ಕೊಡ ನೀರು ತರಲಿಲ್ಲ. ಅದರ ಹಿಂದೆಯೇ ಮೇಯಲು ಹೋದ ನಮ್ಮ ದೊಡ್ಡ ಎಮ್ಮೆ ಮೂರು ಕಾಲಿನ ಮೇಲೆ ಕುಂಟುತ್ತ ಬಂತು. ಯಾರೋ ಕುಡಗೋಲಿನಿಂದ ಹಿಂಗಾಲಿನ ನರ ಕೊಯ್ದಿದ್ದರು. ಎಲುಬು ಬೆಳ್ಳಗೆ ಕಾಣುತ್ತಿತ್ತು. ಅದು ಅವ್ವನ ಎದುರಿಗೆ ಬಂದು ಕುಸಿದು ಕೂತು, ಕೊರಳೆತ್ತಿ ಒದರಿತು. ಅವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಸಂಜೆಗೆ ಸತ್ತಿತು. ಎದುರಿಗೆ ಬಂದು ಹೊಡೆದಿದ್ದರೆ ಅಣ್ಣ ಒಬ್ಬಿಬ್ಬರನ್ನಾದರೂ ಕೆಡವುತ್ತಿದ್ದ. ಮುಖವಿಲ್ಲದವರ ಜೊತೆ ಅವನು ಹೇಗೆ ಕುಸ್ತಿ ಹಿಡಿಯಬೇಕು?

ಎದುರಿಗೂ ಬಂದರು. ಗಂಗವ್ವನ ಮಗ ಈರಪ್ಪ ಬಸ್ಸು ಹತ್ತಿ ಮುಂಡರಗಿಯ ಆಚೆ ಒಂದು ಹಳ್ಳಿಗೆ, ಮದ್ದು ತೆಗೆಯುವ ಮುದುಕಿಯೊಬ್ಬಳ ಹತ್ತಿರ ಹೋಗಿದ್ದನಂತೆ. ಕೂಸು ಸತ್ತ ಮೇಲೆ ಕೇಳಲು ಹೋದವನಿಗೆ ಆಕೆ ‘ಬಿಳೇದರಾಗ ಕೊಟ್ಟಾರ, ಎದುರಿನ ಬಾಗಲದವರು’ ಅಂದಳಂತೆ. ಆ ಬೆಳಿಗ್ಗೆ ಅಪ್ಪ, ಅಣ್ಣ ಹೊಲದಲ್ಲಿದ್ದರು. ಕಾಕಾ ಗದಗಿಗೆ ಹೋಗುತ್ತೇನೆಂದು ಮೊದಲ ಬಸ್ಸಿಗೇ ಹೋಗಿದ್ದ. ಅವ್ವ ಉಳಿದ ಒಂದು ಎಮ್ಮೆಯ ಮೊಸರನ್ನು ಕಡೆಯುತ್ತಿದ್ದಳು, ನಾನು ಪಕ್ಕದಲ್ಲಿ ನುಚ್ಚು ಉಣ್ಣುತ್ತಿದ್ದೆ. ಈರಪ್ಪ ಮೊದಲು ಒಳಗೆ ಬಂದ, ಅವನ ಹಿಂದೆ ಗಂಡಸರು, ಹೆಂಗಸರು, ಪಡಸಾಲೆ ತುಂಬುವಷ್ಟು ಜನ. ಅವನು ಒಂದು ಮಾತೂ ಆಡದೆ ಗಡಿಗೆಯನ್ನು ಒದ್ದ. ಅದು ಒಡೆದು ಮಜ್ಜಿಗೆ ನನ್ನ ಕಾಲ ಕೆಳಗೆ ಹರಿಯಿತು. ಅವ್ವ ಎದ್ದು ನಿಲ್ಲುವುದರೊಳಗೆ ಒಬ್ಬಳು ಅವಳ ತುರುಬು ಹಿಡಿದು ಕೆಳಗೆ ಎಳೆದಳು.

‘ಹೇಳ, ಏನ ಹಾಕಿದಿ ನನ್ನ ಕೂಸಿಗೆ? ಹೇಳ ರಂಡಿ.’

‘ನಾ ಹಾಕಿಲ್ಲೋ ಈರಪ್ಪಾ. ನನ್ನ ಮಗಳ ಮ್ಯಾಲ ಕೈ ಇಟ್ಟ ಹೇಳ್ತೀನಿ, ನಾ ಹಾಕಿಲ್ಲ.’

ಅವನು ಕಡೆಗೋಲು ಎತ್ತಿಕೊಂಡ. ದಿನಾ ಬೆಣ್ಣೆ ತೆಗೆಯುತ್ತಿದ್ದ ಆ ಕೋಲಿನಿಂದಲೇ ಹೊಡೆದ. ತಲೆಗೆ ಬರುವ ಪೆಟ್ಟಿಗೆ ಅವ್ವ ಬಲಗೈ ಅಡ್ಡ ಒಡ್ಡಿದಳು. ಒಣ ಕಟ್ಟಿಗೆ ಮುರಿದಂಥ ಸಪ್ಪಳ ಬಂತು. ಆದರೂ ಬಿಡಲಿಲ್ಲ. ಬೆನ್ನಿಗೆ, ಸೊಂಟಕ್ಕೆ, ಕಿವಿಗೆ. ಹೆಂಗಸರು ಕಾಲಿನಿಂದ ಒದ್ದರು. ದಿನಾ ಅವಳ ಕೈಯಿಂದ ಮಜ್ಜಿಗೆ ಒಯ್ದವರೇ ಅವರು, ಒಬ್ಬೊಬ್ಬರ ಹೆಸರೂ ನನಗೆ ಗೊತ್ತು. ನಾನು ಈರಪ್ಪನ ತೊಡೆಗೆ ಹಲ್ಲು ಊರಿದೆ, ಬಾಯಿಗೆ ರಕ್ತದ ಉಪ್ಪು ಬರುವ ತನಕ ಬಿಡಲಿಲ್ಲ. ಯಾರೋ ನನ್ನನ್ನು ಎತ್ತಿ ದನದ ಗೋದಲಿಗೆ ಒಗೆದರು. ಅಲ್ಲಿಂದ ನೋಡಿದರೆ ಅವ್ವ ಮಜ್ಜಿಗೆಯಲ್ಲಿ ಬಿದ್ದಿದ್ದಳು, ಬಿಳಿ ಮಜ್ಜಿಗೆ ಅವಳ ತಲೆಯ ಸುತ್ತ ಕೆಂಪಾಗುತ್ತಿತ್ತು. ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಹೊಡೆಯಲೂ ಇಲ್ಲ, ಬಿಡಿಸಲೂ ಇಲ್ಲ.

ಗದಗಿನ ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿದರು. ಎಲುಬು ವಕ್ರವಾಗಿಯೇ ಕೂಡಿತು, ಬೆರಳುಗಳು ಮತ್ತೆ ಮುಷ್ಟಿ ಕಟ್ಟಲಿಲ್ಲ. ಎಡಗಿವಿ ಕೇಳಿಸದಾಯಿತು. ಪೊಲೀಸರು ಬಂದರು, ಈರಪ್ಪನನ್ನು ಒಯ್ದು ನಾಲ್ಕು ದಿನ ಇಟ್ಟುಕೊಂಡು ಬಿಟ್ಟರು. ಹೆಸರು ಕೇಳಿದ ಪೊಲೀಸನಿಗೆ ಅವ್ವ ಹೇಳಿದ್ದು ನನಗೆ ಇನ್ನೂ ನೆನಪಿದೆ.

‘ಹೊಡದವರ ಹೆಸರ ಊರಿಗೆ ಗೊತ್ತೈತ್ರಿ ಸಾಹೇಬ್ರ. ಆ ಈರಪ್ಪ ಕೂಸ ಕಳಕೊಂಡಾಂವ. ಈ ಮಾತ ಹುಟ್ಟಿಸಿದವರ ಹೆಸರ ಬೇಕು ನಂಗ. ಅದು ನಿಮ್ಮ ಕಡಿಂದ ಆಗೂದಲ್ಲ.’

ಮನೆಗೆ ಬಂದ ಮೇಲೆ ಬಂದ ಮೊದಲ ಶನಿವಾರ ಅವ್ವ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹನುಮಪ್ಪನ ಗುಡಿಗೆ ಹೊರಟಳು. ನಮ್ಮಲ್ಲಿ ಅದೊಂದು ಪದ್ಧತಿ. ಮನುಷ್ಯರಿಂದ ಬಗೆಹರಿಯದ ವ್ಯಾಜ್ಯವನ್ನು ಒದ್ದೆ ಬಟ್ಟೆಯಲ್ಲಿ ಹೋಗಿ ದೇವರ ಹೊಸ್ತಿಲಿಗೆ ಹಾಕಿ ಬರುವುದು. ಹಾಕಿದ ಮೇಲೆ ಮನೆಯವರು ಯಾರೂ ಅದಕ್ಕೆ ಕೈ ಹಚ್ಚುವಂತಿಲ್ಲ, ಶಾಪ ಹಾಕುವಂತಿಲ್ಲ, ಸೇಡು ತೀರಿಸುವಂತಿಲ್ಲ. ಸಾಮಾನ್ಯವಾಗಿ ಜನ ‘ಅವರ ಮನಿ ಹಾಳಾಗಲಿ, ವಂಶ ನಿರ್ವಂಶ ಆಗಲಿ’ ಎಂದು ಬೇಡಿ ಬರುತ್ತಾರೆ. ಅವ್ವ ಹಾಗೆ ಬೇಡಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನೇ ಹೊಸ್ತಿಲ ಮೇಲಿಟ್ಟಳು.

‘ಹನುಮಪ್ಪಾ, ನೋಡಿಕೋ. ಯಾವ ಬಾಯಿ ಈ ಮಾತ ಹುಟ್ಟಿಸೇತಿ, ಅದ ಬಾಯಿ ನನ್ನ ಮುಂದ ನಿಂತ ಹೇಳಲಿ. ಬ್ಯಾರೆ ಏನೂ ಬ್ಯಾಡ. ನಿನಗ ಬಿಟ್ಟೀನಿ.’

ಅಣ್ಣನಿಗೆ ಇದು ಸರಿಬೀಳಲಿಲ್ಲ, ನನಗೂ ಬೀಳಲಿಲ್ಲ. ಅವನು ಹಿತ್ತಲಲ್ಲಿ ಕಲ್ಲಿನ ಮೇಲೆ ದಿನಾ ಕೊಡಲಿ ಮಸೆಯುತ್ತಿದ್ದ, ನಾನು ಅದರ ಮೇಲೆ ನೀರು ಹಾಕುತ್ತಿದ್ದೆ. ಅವನಿಗೆ ಮೀಸೆ ಆಗಷ್ಟೇ ದಟ್ಟವಾಗಿತ್ತು. ಮೈಯಲ್ಲಿ ಕಸುವು, ತಲೆಯಲ್ಲಿ ಬರೀ ಬೆಂಕಿ.

‘ಹುಟ್ಟಿಸಿದಾಂವ ಯಾವಾನರ ಇರ್ಲಿ, ಗೊತ್ತಾದ ದಿನ ಅವನ ತಲಿ ಈ ಹಿತ್ತಲದಾಗ ಬೀಳ್ತೈತಿ.’

‘ನಾ ದೇವರಿಗೆ ಕೊಟ್ಟೀನಿ ಮಲ್ಲಾ.’

‘ನಿನ್ನ ದೇವರು ಎಲ್ಲಿ ಹೋಗಿದ್ದ ಅವತ್ತು? ನಿನ್ನ ಒದಿಯೂಮುಂದ ಗುಡ್ಯಾಗ ಮಲಗಿದ್ದನೇನು?’

ಅವ್ವ ಎಡಗೈಯಿಂದ ಅವನ ಕಪಾಳಕ್ಕೆ ಹೊಡೆದಳು. ಆಮೇಲೆ ಅವಳೇ ಅತ್ತಳು. ‘ನೀ ಒಂದ ತಲಿ ತಗದ್ರ ಅವರು ನಿನ್ನ ತಲಿ ತಗೀತಾರ. ಇಲ್ಲಾಂದ್ರ ನೀ ಜೇಲಿನ್ಯಾಗ ಕೊಳೀತಿ. ಕೈ ಹೋಗೇತಿ, ಕಿವಿ ಹೋಗೇತಿ. ನಿನ್ನೂ ಕಳಕೊಳ್ಳಲೇನು ನಾನು?’ ಅಂದಳು. ಅಣ್ಣ ಕೊಡಲಿಯನ್ನು ಒಳಗಿಡಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಹನುಮಪ್ಪ ಆ ಬಾಯಿ ತೆರೆಸುತ್ತಾನೋ ಇಲ್ಲವೋ, ತೆರೆಸಿದ ದಿನ ಅಣ್ಣನ ಕೈಯನ್ನು ಯಾರು ಹಿಡಿಯುತ್ತಾರೆ.

ಇದರ ನಡುವೆ ಕಾಕಾ ಕರಗತೊಡಗಿದ. ಮೊದಲು ನಗು ಹೋಯಿತು, ಆಮೇಲೆ ಊಟ ಹೋಯಿತು. ತಾಟಿನ ಮುಂದೆ ಕೂತವನು ರೊಟ್ಟಿ ಮುರಿದು ಅತ್ತಿತ್ತ ಸರಿಸಿ, ಹೊಟ್ಟೆ ಸರಿಯಿಲ್ಲ ಎಂದು ಏಳುವನು. ಬಸ್ ಸ್ಟ್ಯಾಂಡಿನ ಹೊಟೇಲಿನಲ್ಲಿ ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ತಿನ್ನುತ್ತಾನೆಂದು ಜನ ಹೇಳಿದರು, ಆಮೇಲೆ ಅದೂ ಸೇರಲಿಲ್ಲವಂತೆ. ಗಲ್ಲದ ಎಲುಬು ಎದ್ದು ಬಂದವು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಮನೆಯಲ್ಲಿ ನೀರನ್ನೂ ತಾನೇ ಕೊಡದಿಂದ ತುಂಬಿಕೊಂಡು ಕುಡಿಯುವನು, ಕುಡಿಯುವ ಮೊದಲು ಬೆಳಕಿಗೆ ಹಿಡಿದು ನೋಡುವನು. ನನ್ನ ಅವ್ವನೋ, ತನ್ನ ಸೊಟ್ಟ ಕೈಯಲ್ಲಿ ಅವನಿಗಾಗಿ ಬೇರೆ ಮೆತ್ತಗಿನ ಅನ್ನ ಮಾಡುವಳು. ‘ನನ್ನ ಹೊಡದದ್ದ ಕೇಳಿ ಹೆದರಿಕೊಂಡೈತಿ ಪಾಪ’ ಅನ್ನುವಳು. ನಾನು ಅವನ ಪಕ್ಕ ಕೂತು, ಒಂದು ತುತ್ತು ಉಣ್ಣು ಕಾಕಾ ಎಂದು ಗೋಗರೆದದ್ದಿದೆ. ಆ ಗೋಗರೆದ ಬಾಯಿಯನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ಮಳೆಯ ಮಧ್ಯಾಹ್ನ ಯಾರೂ ಹೊಲಕ್ಕೆ ಹೋಗಿರಲಿಲ್ಲ, ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಅವ್ವ ಎರಡೂ ಕೈ ಹಚ್ಚಿ ಕಾಕಾನ ತಾಟಿಗೆ ನುಚ್ಚು ಹಾಕಿ, ಮೇಲೆ ಮಜ್ಜಿಗೆ ಸುರಿದಳು. ಮುಷ್ಟಿ ಕಟ್ಟದ ಬಲಗೈಯಿಂದ ಒಂದಿಷ್ಟು ಚೆಲ್ಲಿತು. ಕಾಕಾ ಆ ಕೈಯನ್ನೇ ನೋಡುತ್ತಿದ್ದ. ಅವಳು ಚರಿಗೆ ಕೆಳಗಿಟ್ಟು ಹೇಳಿದಳು.

‘ಇದೊಂದ ಉಣ್ಣಪಾ. ಹೊಟ್ಟಿ ತಣ್ಣಗಾಗ್ತೈತಿ.’

ಕಾಕಾ ತಾಟನ್ನು ಎರಡೂ ಕೈಯಿಂದ ಆಚೆ ನೂಕಿದ. ಗೋಡೆಗೆ ಬೆನ್ನು ಹಚ್ಚಿ ಎದ್ದು ನಿಂತ. ಬೆವರು ಇಳಿಯುತ್ತಿತ್ತು. ಅಷ್ಟು ವರ್ಷ ಅವ್ವನಿಗೆ ‘ರಿ’ ಹಚ್ಚಿ ಮಾತಾಡಿದವನು ಅಂದು ಏಕವಚನಕ್ಕೆ ಇಳಿದ.

‘ಸಾಕ ಮಾಡು. ಎಷ್ಟ ದಿನಾ ಮದ್ದ ಹಾಕ್ತಿ? ಮುಂಡರಗಿ ಕಡೆ ಮುದುಕಿ ಕಡೆ ನಾನೂ ಹೋಗಿದ್ದೆ. ಮನ್ಯಾಗಿನವರ ಹಾಕ್ಯಾರ ಅಂದ್ಲು. ಕಾರಿಸಿ ಗಂಟ ತೋರಿಸಿದ್ಲು ನಂಗ. ನಾ ಅಂದದ್ದ ನಿಂಗ ಹೆಂಗ ಗೊತ್ತಾತು? ಯಾರ ಹೇಳಿದ್ರು?’

‘ಏನ ಅಂದಿದ್ದಿ ನೀ?’ ಅವ್ವನ ದನಿ ಬಲು ಮೆಲ್ಲಗಿತ್ತು. ಕಿವಿ ಕೇಳದ್ದರಿಂದ ತಲೆ ಒಂದು ಕಡೆ ವಾಲಿಸಿ ಕೇಳಿದಳು.

‘ಅರ್ಧಾ ಮಾತ ಅಂದಿದ್ದೆ. ಇಸ್ಪೀಟ್ ಆಡೂಮುಂದ, ನಮ್ಮ ವೈನಿ ಮಜ್ಜಿಗಿ ಕುಡದಾಗಿಂದ ನನ್ನ ಹೊಟ್ಟಿ ನೆಟ್ಟಗಿಲ್ಲ, ಏನ ಹಾಕ್ತಾಳೋ ಅಂದಿದ್ದೆ. ಅಷ್ಟ. ಲಕ್ಷ್ಮೇಶ್ವರದವರ ಮುಂದ ನೀ ನನ್ನ ಮಾನಾ ಕಳದಿದ್ದಿ, ನಿನ್ನ ಮಾನಾನೂ ನಾಕ ಮಂದ್ಯಾಗ ಹೋಗ್ಲಿ ಅಂತ ಅಂದಿದ್ದೆ. ಕೂಸ ಸಾಯ್ತೈತಿ ಅಂತ ನಂಗೇನ ಗೊತ್ತು? ಅವರು ಬರೂ ಖಬರ ಗೊತ್ತಿತ್ತು. ನೋಡೂದ ಆಗಂಗಿಲ್ಲ ಅಂತ ಗದಗಿಗೆ ಹೋದೆ.’

ತಾನು ಹುಟ್ಟಿಸಿದ ಸುಳ್ಳನ್ನು ಆ ಮನುಷ್ಯ ತಾನೇ ನಂಬಿಬಿಟ್ಟಿದ್ದ. ಅವ್ವ ಮದ್ದು ಹಾಕುವವಳಲ್ಲ ಎಂದು ಇಡೀ ಊರಲ್ಲಿ ಖಚಿತವಾಗಿ ಬಲ್ಲವನು ಅವನೊಬ್ಬನೇ. ಆ ಅವನೇ ಅವಳ ಕೈಯ ಅನ್ನಕ್ಕೆ ಹೆದರಿ ಸಾಯುತ್ತಿದ್ದ. ಅಷ್ಟರಲ್ಲಿ ಅಣ್ಣ ಎದ್ದಿದ್ದ. ಒಂದೇ ಒದೆಗೆ ಕಾಕಾ ಪಡಸಾಲೆಯಿಂದ ದನದ ನಡುವೆ ಬಿದ್ದ. ಅಣ್ಣ ಅವನ ಎದೆಯ ಮೇಲೆ ಕೂತು ಗುದ್ದಿದ. ಮೂಗು ಒಡೆಯಿತು, ಹಲ್ಲು ಉದುರಿತು. ಎಮ್ಮೆ ಹಗ್ಗ ಜಗ್ಗಿ ಒದರಿತು. ಆಮೇಲೆ ಅವನನ್ನು ಕಾಲು ಹಿಡಿದು ಕೆಸರಿನಲ್ಲಿ ಹಿತ್ತಲಿಗೆ ಎಳೆದೊಯ್ದು ಕೊಡಲಿ ತೆಗೆದುಕೊಂಡ. ಕುಸ್ತಿ ಕಲಿಸಿದ ಕಾಕಾ ಒಂದು ಪಟ್ಟೂ ಹಾಕಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ತನ್ನ ತಮ್ಮನನ್ನು ನೋಡಿದ, ಮಗನನ್ನು ನೋಡಿದ, ಅಲ್ಲೇ ಕುಸಿದು ಕೂತ. ನಾನು ಕೂಗುತ್ತಿದ್ದೆ. ಬಿಡು ಎಂದಲ್ಲ. ಹೊಡಿ ಅಣ್ಣಾ, ಹೊಡಿ ಎಂದು.

ಕೊಡಲಿ ಮೇಲೆ ಹೋದಾಗ ಅವ್ವ ಕಾಕಾನ ಮೇಲೆ ಬಿದ್ದಳು. ಸೊಟ್ಟ ಕೂಡಿದ ಆ ಕೈಯಿಂದ ಅವನ ತಲೆ ಮುಚ್ಚಿದಳು.

‘ಕಡಿ. ನನ್ನ ಮೊದಲ ಕಡಿ.’

‘ಆಚಿ ಸರಿ ಯವ್ವಾ. ಇಂವ ನಿನ್ನ ಕೊಂದಾನ.’

‘ನಾ ಹನುಮಪ್ಪಗ ಕೊಟ್ಟೀನಿ. ಕೊಟ್ಟದ್ದನ್ನ ಕಸಗೊಳ್ಳಾಕ ನೀ ಯಾವಾಂವ? ಬಾಯಿ ತೆರಸು ಅಂದಿದ್ದೆ, ತೆರಸ್ಯಾನ. ಇನ್ನ ನಿಂದೇನ ಕೆಲಸ ಐತಿ ಇಲ್ಲಿ?’

ಅಣ್ಣನ ಕೈ ಮೇಲೆಯೇ ನಿಂತಿತು. ಮಳೆ ಅವನ ಮುಖದ ಮೇಲೆ ಇಳಿಯುತ್ತಿತ್ತು. ಆಮೇಲೆ ಕೊಡಲಿಯನ್ನು ಗೋಡೆಗೆ ಬೀಸಿ ಒಗೆದು, ಮಗುವಿನಂತೆ ಬಿಕ್ಕುತ್ತ ಮಣ್ಣಿನಲ್ಲಿ ಕೂತ. ನನ್ನ ಅಣ್ಣ ಕೊಲೆಗಾರನಾಗದೆ ಉಳಿದದ್ದು ಹೀಗೆ. ಅವನಿಗೆ ಈಗ ಮೊಮ್ಮಕ್ಕಳಿದ್ದಾರೆ.

ಅವ್ವ ಒಳಗೆ ಹೋಗಿ ಕಾಕಾ ನೂಕಿದ್ದ ತಾಟು ತಂದು ಅವನ ಎದುರಿಗೇ ಕೂತಳು. ಒಂದು ತುತ್ತು ಕಲಸಿ ತಾನು ಉಂಡಳು. ಇನ್ನೊಂದನ್ನು ಅವನ ರಕ್ತ ಸುರಿಯುವ ಬಾಯಿಗೆ ಹಿಡಿದಳು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಅಣ್ಣ ಎದ್ದು ಬಂದು ಅವನ ದವಡೆ ಹಿಡಿದು ‘ತಿನ್ನಲೇ’ ಅಂದ, ಅವ್ವ ಕಣ್ಣಿನಿಂದಲೇ ಅವನನ್ನು ಆಚೆ ಕಳಿಸಿದಳು. ಮತ್ತೆ ಹಿಡಿದಳು, ಅವನು ಮತ್ತೆ ತಿರುಗಿದ.

‘ಹಾಕಿದ್ರ ನಾನೂ ಸಾಯ್ತೀನಿ. ನೋಡ್ಕೋತ ಕುಂಡ್ರು’ ಅಂದು ಇಡೀ ತಾಟನ್ನು ತಾನೇ ಉಂಡಳು. ಕಣ್ಣೀರು ತಾಟಿಗೆ ಬೀಳುತ್ತಿತ್ತು, ಅದರ ಸಮೇತ ಉಂಡಳು. ಕಾಕಾ ಹಿತ್ತಲ ಗೋಡೆಗೆ ಆತು ಕೂತು ಅವಳನ್ನೇ ನೋಡಿದ. ಮಳೆ ನಿಂತಿತು, ಅವಳು ಪಾತ್ರೆ ತಿಕ್ಕಿದಳು, ಕಸ ಹೊಡೆದಳು, ಎಮ್ಮೆ ಹಿಂಡಿದಳು. ಅವನು ಅವಳು ಯಾವಾಗ ಬೀಳುತ್ತಾಳೆಂದು ಕಾಯುತ್ತ ಕೂತೇ ಇದ್ದ. ದೀಪ ಹಚ್ಚುವ ಹೊತ್ತಿಗೆ ಎದ್ದು ಬಾಗಿಲಿಗೆ ಬಂದ.

‘ನೀ ಉಂಡ ಮ್ಯಾಲ ಒಳಗ ಹೋಗಿ ಕಾರಿದ್ರ ನಂಗೇನ ಗೊತ್ತು’ ಅಂದು ಹೊರಟುಹೋದ.

ಶಿರಹಟ್ಟಿಯಲ್ಲಿ ಒಂದು ಖೋಲಿ ಹಿಡಿದು, ತಾನೇ ಬೇಯಿಸಿಕೊಂಡು, ಬೇಯಿಸಿದ್ದನ್ನೂ ಪೂರ್ತಿ ಉಣ್ಣದೆ ಬದುಕಿದ. ಯಾರು ಕೊಟ್ಟದ್ದನ್ನೂ ತಿನ್ನಲಿಲ್ಲ, ಮದುವೆ ಮನೆಗಳಲ್ಲೂ ಕೂಡ. ಮಾತು ಅವನದೇ ಎಂದು ಊರಿಗೆ ತಿಳಿಯಲು ತಡವಾಗಲಿಲ್ಲ, ಇಸ್ಪೀಟಿನ ಗೆಳೆಯರೇ ಹೇಳಿದರು. ಗಂಗವ್ವ ಬಂದು ಅವ್ವನ ಕಾಲ ಮೇಲೆ ಬಿದ್ದಳು, ಒಂದೊಂದಾಗಿ ತಂಬಿಗೆಗಳೂ ಬಂದವು. ಅವ್ವನ ಕೈ ಹಗ್ಗ ಹಿಡಿಯದ್ದರಿಂದ ಕಡೆಯುವ ಕೆಲಸ ನನ್ನ ಪಾಲಿಗೆ ಬಂತು. ಸಿಟ್ಟಿನಿಂದ ಹಗ್ಗ ಜಗ್ಗುತ್ತಿದ್ದೆ, ಬೆಣ್ಣೆ ಬೇಗ ಬರುತ್ತಿತ್ತು. ಕೆಲವು ವರ್ಷಗಳ ಮೇಲೆ ಕಾಕಾ ಆ ಖೋಲಿಯಲ್ಲೇ ಸತ್ತ. ಹೆಣ ಎತ್ತಲು ಹೋದ ಅಪ್ಪ, ಮಗುವಿನಷ್ಟು ಹಗುರ ಇದ್ದ ಅಂದ. ದೇವರ ನ್ಯಾಯ ಅನ್ನುವುದು ಇದೆಯೇ ಎಂದು ಯಾರಾದರೂ ಕೇಳಿದರೆ ಇದೆ ಅನ್ನುತ್ತೇನೆ, ಕಂಡಿದ್ದೇನೆ. ಅಣ್ಣನ ಕೊಡಲಿ ಅದಕ್ಕಿಂತ ಮೆತ್ತಗಿತ್ತು.

ಆದರೆ ಅವನು ಮನೆ ಬಿಟ್ಟು ಹೋದ ಮರುದಿನವೇ ಅವ್ವ ಮತ್ತೆ ಒದ್ದೆ ಸೀರೆಯಲ್ಲಿ ಗುಡಿಗೆ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡಳು. ಹರಕೆ ತೀರಿಸಲು ಹೊರಟಳೆಂದು ನಾನು ಖುಷಿಯಿಂದ ನಡೆದೆ. ಅವಳು ಹೊಸ್ತಿಲ ಮೇಲೆ ಹಣೆ ಇಟ್ಟಳು.

‘ಬಾಯಿ ತೆರಸು ಅಂದಿದ್ದೆ, ತೆರಸಿದಿ. ಅವನ ಹೊಟ್ಟಿ ಮುಚ್ಚು ಅಂತ ನಾ ಅಂದಿದ್ದಿಲ್ಲೋ ತಂದೀ. ಅವಂಗ ಹಸಿವಿ ಕೊಡು. ಯಾರರ ಹಾಕಿದ್ದನ್ನ ನಂಬಿ ಉಣ್ಣೂ ಹಂಗ ಮಾಡು.’

ಆಮೇಲೆ ನನ್ನ ಕಡೆ ತಿರುಗಿ, ‘ನೀನೂ ಕೇಳ್ಕೋ. ಸಣ್ಣವರ ಮಾತ ಅಂವ ಜಲ್ದಿ ಕೇಳ್ತಾನ’ ಅಂದಳು.

ನಾನು ಕೈ ಮುಗಿದು ನಿಂತೆ. ಅವ್ವನ ಸೀರೆಯಿಂದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು, ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಅಂದು ನನ್ನ ಬಾಯಿ ತೆರೆಯಲಿಲ್ಲ. ಅವನು ಸತ್ತು ಇಷ್ಟು ವರ್ಷವಾಯಿತು, ಅವ್ವನೂ ಹೋದಳು. ಊರಿಗೆ ಹೋದಾಗಲೆಲ್ಲ ಆ ಗುಡಿಗೆ ಹೋಗಿ ನಿಲ್ಲುತ್ತೇನೆ, ಕೈ ಮುಗಿಯುತ್ತೇನೆ. ಬಾಯಿ ಇನ್ನೂ ತೆರೆದಿಲ್ಲ.